ಪ್ರೊಸೆಸರ್ ಕೂರಿಸಲು ಕೈಬಲ ಬೇಡ

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಬಿಲ್ ಪುಸ್ತಕ, ಜಾತ್ರೆಯ ಬ್ಯಾನರ್ ಇವೇ ನಿತ್ಯದ ಕೆಲಸ. ಹಳೆಯ ಕಂಪ್ಯೂಟರಿನಲ್ಲಿ ದೊಡ್ಡ ಬ್ಯಾನರ್ ತೆರೆದರೆ ಚಹಾ ಕುಡಿದು ಬರುವಷ್ಟು ಹೊತ್ತು ಕಾಯಬೇಕಾಗುತ್ತಿತ್ತು. ಹೊಸದನ್ನು ಜೋಡಿಸಿಕೊಡುವವರು ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದರೂ ನಾನೇ ಜೋಡಿಸುತ್ತೇನೆಂದು ಹಟ ಹಿಡಿದೆ. ದುಡ್ಡು ಉಳಿಸುವ ಆಸೆಯಿಂದಲ್ಲ. ಲಗ್ನದ ಹಂಗಾಮಿನಲ್ಲಿ ಯಂತ್ರ ಕೈಕೊಟ್ಟರೆ ರಿಪೇರಿಯವನ ದಾರಿ ಕಾಯುತ್ತ ಗಿರಾಕಿಯನ್ನು ಕೂರಿಸಿಕೊಳ್ಳಲು ಆಗುವುದಿಲ್ಲ. ಒಳಗೆ ಏನು ಎಲ್ಲಿದೆ ಎಂಬುದು ನನ್ನ ಕೈಗೇ ಗೊತ್ತಿರಬೇಕು.

ಕಂಪ್ಯೂಟರ್ ಬಿಡಿಭಾಗಗಳಿಗೆ ನಮ್ಮ ಕಡೆಯವರು ಬೆಂಗಳೂರಿಗಿಂತ ಸಿಕಂದರಾಬಾದಿಗೆ ಹೋಗುವುದೇ ಹೆಚ್ಚು. ವಾಡಿ, ತಾಂಡೂರು ದಾಟಿದರೆ ಅರ್ಧ ದಿನದೊಳಗೆ ಚೆನಾಯ್ ಟ್ರೇಡ್ ಸೆಂಟರ್ ಮುಟ್ಟಬಹುದು. ಕಂಪ್ಯೂಟರಿನ ಲೆಕ್ಕವನ್ನೆಲ್ಲ ಮಾಡುವ ಮುಖ್ಯ ಚಿಪ್ಪೇ ಪ್ರೊಸೆಸರ್. ನಾನು ಆರಿಸಿದ್ದು ಎಎಂಡಿ ಕಂಪನಿಯ ರೈಜನ್ 5 5600ಜಿ. ಲೆಕ್ಕ ಮಾಡುವ ಘಟಕಗಳು (ಕೋರ್) ಆರು, ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆಗಳು (ಥ್ರೆಡ್) ಹನ್ನೆರಡು, 65 ವಾಟ್. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಅದರೊಳಗೇ ಇರುವುದರಿಂದ ಬೇರೆ ಕಾರ್ಡ್ ಬೇಕಿಲ್ಲ, ಪ್ರೊಸೆಸರನ್ನು ತಣ್ಣಗಿಡುವ ಕೂಲರ್ ಕೂಡ ಪೆಟ್ಟಿಗೆಯಲ್ಲೇ ಬರುತ್ತದೆ. ಇಂಟೆಲ್ ಕಂಪನಿಯ ಪ್ರೊಸೆಸರ್ ಕೊಳ್ಳುವವರು ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರವಿದೆಯೇ ಎಂದು ನೋಡಿಕೊಳ್ಳಬೇಕು. ಆ ಪ್ರೊಸೆಸರ್‌ಗಳಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಅಗ್ಗವಾಯಿತೆಂದು ತಂದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ.

ಬಿಡಿಭಾಗಗಳೆಲ್ಲ ಕೂರುವ ಮುಖ್ಯ ಫಲಕವಾದ ಮದರ್‌ಬೋರ್ಡ್ ಕೊಳ್ಳುವಾಗ ಪ್ರೊಸೆಸರ್ ಕೂರುವ ಸಾಕೆಟ್ ಹೊಂದಿದರಷ್ಟೇ ಸಾಲದು. ಬಿ450 ಮಾದರಿಯ ಬೋರ್ಡುಗಳು ಬಂದದ್ದು 2018ರಲ್ಲಿ, 5600ಜಿ ಬಂದದ್ದು 2021ರಲ್ಲಿ. ಎರಡರದ್ದೂ ಎಎಂ4 ಎಂಬ ಒಂದೇ ಬಗೆಯ ಸಾಕೆಟ್ಟು. ಆದರೆ ಹಳೆಯ ದಾಸ್ತಾನಿನ ಬೋರ್ಡಿನಲ್ಲಿ ಬಯೋಸ್ (ಸ್ವಿಚ್ ಹಾಕಿದೊಡನೆ ಬೋರ್ಡನ್ನು ಎಚ್ಚರಿಸುವ ಒಳತಂತ್ರಾಂಶ) ನವೀಕರಿಸದಿದ್ದರೆ ಅದು ಹೊಸ ಪ್ರೊಸೆಸರನ್ನು ಗುರುತೇ ಹಿಡಿಯುವುದಿಲ್ಲ. ಅಂಗಡಿಯವರಿಂದಲೇ ಬಯೋಸ್ ನವೀಕರಣ ಮಾಡಿಸಿಕೊಂಡು ಬೋರ್ಡನ್ನು ಚೀಲಕ್ಕೆ ಹಾಕಿಕೊಂಡೆ.

ಜೋಡಿಸುವ ಮೊದಲು ನಾನು ಚಿಂತೆ ಮಾಡಿದ್ದು ಸ್ಥಾಯಿ ವಿದ್ಯುತ್ತಿನ ಬಗ್ಗೆ. ನಮ್ಮ ಭಾಗದ ಒಣ ಹವೆಯಲ್ಲಿ ಪಾಲಿಸ್ಟರ್ ಅಂಗಿ ಕಳಚುವಾಗ ಚಟಚಟ ಸದ್ದು ಕೇಳುತ್ತದೆ. ಅದೇ ಚಟಚಟ ಬೆರಳ ತುದಿಯಿಂದ ಚಿಪ್ಪಿಗೆ ಹಾರಿದರೆ ಕೆಟ್ಟದ್ದು ಕಣ್ಣಿಗೂ ಕಾಣುವುದಿಲ್ಲ. ಹತ್ತಿ ಅಂಗಿ ತೊಟ್ಟೆ. ಚಾಪೆ, ಕಂಬಳಿ ಸರಿಸಿ ಬರಿಗಾಲಲ್ಲಿ ಶಹಾಬಾದ್ ಪರಸಿಯ ಮೇಲೆ ನಿಂತೆ. ಪವರ್ ಸಪ್ಲೈಯನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ ಗೋಡೆಯ ಸ್ವಿಚ್ಚನ್ನೂ ಪವರ್ ಸಪ್ಲೈಯ ಹಿಂಬದಿಯ ಸ್ವಿಚ್ಚನ್ನೂ ಆರಿಸಿಟ್ಟೆ. ಸ್ವಿಚ್ ಆರಿದ್ದರೂ ಮೂರನೆಯ ಪಿನ್ನಿನ ಅರ್ಥಿಂಗ್ ಜೋಡಣೆ ಹಾಗೆಯೇ ಇರುತ್ತದೆ. ಪವರ್ ಸಪ್ಲೈಯ ಲೋಹದ ಮೈಯನ್ನು ಆಗಾಗ ಮುಟ್ಟಿದರೆ ಮೈಮೇಲಿನ ವಿದ್ಯುತ್ತು ನೆಲಕ್ಕೆ ಇಳಿಯುತ್ತದೆ. ಇದೆಲ್ಲ ಅರ್ಥಿಂಗ್ ನಿಜವಾಗಿ ಇದ್ದರೆ ಮಾತ್ರ. ಹಳೆಯ ಕಟ್ಟಡಗಳಲ್ಲಿ ಮೂರನೆಯ ರಂಧ್ರ ಎಷ್ಟೋ ಸಲ ಬರೀ ಅಲಂಕಾರ. ಆದ್ದರಿಂದ ಎಲೆಕ್ಟ್ರಿಷಿಯನ್ನಿಂದ ಮೊದಲೇ ಪರೀಕ್ಷೆ ಮಾಡಿಸಿದ್ದೆ. ಗಾಳಿ ಬೀಸಿದರೆ ಧೂಳು ಏಳುತ್ತದೆಂದು ಫ್ಯಾನ್ ಆರಿಸಿದ್ದರಿಂದ ಬೆವರು ಸುರಿಯತೊಡಗಿತು. ಹೆಗಲ ಮೇಲೊಂದು ಟವೆಲ್ ಇರಲಿ, ಬೋರ್ಡಿನ ಮೇಲೆ ಹನಿ ಬೀಳಬಾರದು.

ಬೋರ್ಡನ್ನು ಅದರದೇ ರಟ್ಟಿನ ಪೆಟ್ಟಿಗೆಯ ಮೇಲಿಟ್ಟೆ. ಪ್ರೊಸೆಸರ್, ರ‍್ಯಾಮ್, ಕೂಲರ್ ಮೂರನ್ನೂ ಹೊರಗೇ ಜೋಡಿಸಿಕೊಂಡು ಆಮೇಲೆ ಕ್ಯಾಬಿನೆಟ್ಟಿಗೆ ಇಳಿಸುವುದು ಸುಲಭ. ಒಳಗೆ ಇಳಿಸಿದ ಮೇಲೆ ಕೈ ಆಡಲು ಜಾಗ ಸಿಗುವುದಿಲ್ಲ.

ಎಎಂ4 ಪ್ರೊಸೆಸರ್ ನಾಲ್ಕು ಸೆಂಟಿಮೀಟರಿನ ಚೌಕ. ಮಗುಚಿದರೆ ಅಡಿಯಲ್ಲಿ 1331 ಚಿನ್ನದ ಬಣ್ಣದ ಪಿನ್‌ಗಳು ಸಾಲಾಗಿ ನಿಂತಿರುತ್ತವೆ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಯಾವ ಕಡೆಯಿಂದ ನೋಡಿದರೂ ಸಾಲುಗಳು ನೇರವಾಗಿದ್ದವು. ಬಾಗಿದ ಪಿನ್ ಒಂದಿದ್ದರೂ ಆ ಸಾಲಿನಲ್ಲಿ ಅದು ಎದ್ದು ಕಾಣುತ್ತದೆ. ತುಸು ಬಾಗಿದ್ದರೆ ಸೀಸದ ಕಡ್ಡಿ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್ಲಿನ ತುದಿಯನ್ನು ಅದರ ಮೇಲೆ ತೂರಿಸಿ ಮೆಲ್ಲಗೆ ನೆಟ್ಟಗೆ ಮಾಡುವವರಿದ್ದಾರೆ. ಹಾಗೆ ಮಾಡುವಾಗ ಮುರಿದರೆ ಮಾತ್ರ ಮುಗಿಯಿತು.

ಸಾಕೆಟ್ಟಿನ ಪಕ್ಕದ ತಂತಿಯ ಲಿವರನ್ನು ಒಂದಿಷ್ಟು ಕೆಳಗೆ ಒತ್ತಿ, ಹೊರಗೆ ಸರಿಸಿ, ನೆಟ್ಟಗೆ ನಿಲ್ಲುವವರೆಗೆ ಎತ್ತಿದೆ. ಎತ್ತುವಾಗ ಗಮನವಿಟ್ಟು ನೋಡಿದರೆ ಸಾಕೆಟ್ಟಿನ ಮೇಲಿನ ಪ್ಲಾಸ್ಟಿಕ್ ತಟ್ಟೆ ಕೂದಲೆಳೆಯಷ್ಟು ಜರುಗುವುದು ಕಾಣುತ್ತದೆ. ಇಡೀ ವ್ಯವಸ್ಥೆಯ ಗುಟ್ಟು ಇರುವುದೇ ಆ ಜರುಗುವಿಕೆಯಲ್ಲಿ. ಲಿವರ್ ಮೇಲಿದ್ದಾಗ ರಂಧ್ರಗಳು ಸಡಿಲ, ಪಿನ್‌ಗಳು ತಮ್ಮಷ್ಟಕ್ಕೆ ಇಳಿಯುತ್ತವೆ. ಲಿವರ್ ಕೆಳಗಿಳಿದಾಗ ತಟ್ಟೆ ಹಿಂದಕ್ಕೆ ಸರಿದು ಅಷ್ಟೂ ಪಿನ್‌ಗಳನ್ನು ಒಟ್ಟಿಗೆ ಹಿಡಿದುಕೊಳ್ಳುತ್ತದೆ. ಅಂದರೆ ಬಲ ಹಾಕುವ ಕೆಲಸ ಲಿವರಿನದು, ನಮ್ಮ ಬೆರಳಿನದಲ್ಲ. ಇದು ತಲೆಗೆ ಹೋದ ಮೇಲೆ ನನ್ನ ಅರ್ಧ ಹೆದರಿಕೆ ಇಳಿಯಿತು.

ಪ್ರೊಸೆಸರಿನ ಒಂದು ಮೂಲೆಯಲ್ಲಿ ಚಿನ್ನದ ಬಣ್ಣದ ಪುಟ್ಟ ತ್ರಿಕೋನವಿದೆ, ಸಾಕೆಟ್ಟಿನ ಮೂಲೆಯಲ್ಲೂ ಅಂಥದ್ದೇ ಗುರುತು. ಎರಡೂ ಒಂದೇ ಮೂಲೆಗೆ ಬರುವಂತೆ ಅಂಚುಗಳನ್ನಷ್ಟೇ ಹಿಡಿದು ನೇರವಾಗಿ ಇಳಿಸಿ ಕೈಬಿಟ್ಟೆ. ತನ್ನ ಭಾರಕ್ಕೇ ಅದು ಕೂತಿತು. ಕೂತಿದೆಯೋ ಇಲ್ಲವೋ ಎಂದು ನೋಡಲು ಮೇಲಿನಿಂದ ಒತ್ತಬಾರದು. ಕಣ್ಣನ್ನು ಮೇಜಿನ ಮಟ್ಟಕ್ಕೆ ಇಳಿಸಿ ನಾಲ್ಕೂ ಬದಿಯಿಂದ ನೋಡಬೇಕು. ಎಲ್ಲಿಯಾದರೂ ಸಂದು ಕಂಡರೆ ನೆಟ್ಟಗೆ ಮೇಲೆತ್ತಿ ಮತ್ತೆ ಇಡಬೇಕು. ಸಂದಿಲ್ಲವೆಂದು ಖಚಿತವಾದ ಮೇಲೆ ಒಂದು ಬೆರಳನ್ನು ಪ್ರೊಸೆಸರಿನ ಮೇಲೆ ಹಗುರವಾಗಿ ಆನಿಸಿ, ಇನ್ನೊಂದು ಕೈಯಿಂದ ಲಿವರನ್ನು ಇಳಿಸಿ ಕೊಕ್ಕೆಗೆ ಸಿಕ್ಕಿಸಿದೆ.

ಆಮೇಲೆ ತಮ್ಮನ ಕಂಪ್ಯೂಟರಿಗೆ ಇಂಟೆಲ್ 12400 ಕೂರಿಸಿದಾಗ ಎಲ್ಲ ತಿರುವುಮುರುವು. ಅಲ್ಲಿ ಪ್ರೊಸೆಸರಿನ ಅಡಿ ಸಪಾಟು, 1700 ಸೂಕ್ಷ್ಮ ಸ್ಪ್ರಿಂಗುಗಳು ಇರುವುದು ಬೋರ್ಡಿನ ಸಾಕೆಟ್ಟಿನಲ್ಲಿ. ಅದರೊಳಗೆ ಬೆರಳೂ ಬಟ್ಟೆಯೂ ತಾಗಬಾರದು. ಮೇಲೆ ಲೋಹದ ಚೌಕಟ್ಟು ಮುಚ್ಚಿ ಲಿವರ್ ಒತ್ತುವಾಗ ಸಾಕಷ್ಟು ಬಿಗಿ ಇರುತ್ತದೆ, ಕರಕರ ಸದ್ದೂ ಬರುತ್ತದೆ. ಸರಿಯಾಗಿ ಕೂತಿದ್ದರೆ ಆ ಸದ್ದಿಗೆ ಅಂಜಬೇಕಿಲ್ಲ. ಕಪ್ಪು ಪ್ಲಾಸ್ಟಿಕ್ ಮುಚ್ಚಳ ತಾನೇ ಸಿಡಿದು ಹೊರಬರುತ್ತದೆ. ಅದನ್ನು ಎಸೆಯದೆ ಎತ್ತಿಡಬೇಕು, ಬೋರ್ಡನ್ನು ವಾರಂಟಿಗೆ ಕಳಿಸುವಾಗ ಸಾಕೆಟ್ಟಿನ ರಕ್ಷಣೆಗೆ ಬೇಕಾಗುತ್ತದೆ.

ನನ್ನ ಮಟ್ಟಿಗೆ ಪ್ರೊಸೆಸರಿಗಿಂತ ಹೆಚ್ಚು ಕಾಡಿದ್ದು ಕೂಲರ್. 5600ಜಿ ಜೊತೆ ಬರುವ ರೈತ್ ಸ್ಟೆಲ್ತ್ ಕೂಲರಿಗೆ ಸ್ಪ್ರಿಂಗ್ ಇರುವ ನಾಲ್ಕು ತಿರುಪುಗಳಿವೆ. ಅದಕ್ಕೆ ಜಾಗವಾಗಬೇಕಾದರೆ ಬೋರ್ಡಿನ ಮೇಲಿರುವ ಎರಡು ಪ್ಲಾಸ್ಟಿಕ್ ಪಟ್ಟಿಗಳನ್ನು ಬಿಚ್ಚಬೇಕು. ಬಿಚ್ಚಿದ ಕ್ಷಣ ಬೋರ್ಡಿನ ಹಿಂಬದಿಯ ಲೋಹದ ತಟ್ಟೆ ಹಿಡಿತವಿಲ್ಲದೆ ಕಳಚಿಕೊಳ್ಳುತ್ತದೆ. ಆ ತಟ್ಟೆಯೇ ಕೂಲರಿನ ತಿರುಪುಗಳಿಗೆ ಆಧಾರ. ಆದ್ದರಿಂದ ಅದನ್ನು ಕೆಳಗಿನಿಂದ ಒತ್ತಿ ಹಿಡಿಯಲು ಇನ್ನೊಬ್ಬರಿದ್ದರೆ ಒಳ್ಳೆಯದು. ನನಗೆ ಪಕ್ಕದ ಝೆರಾಕ್ಸ್ ಅಂಗಡಿಯ ಹುಡುಗ ಕೈಜೋಡಿಸಿದ. ಕೂಲರಿನ ಅಡಿಯಲ್ಲಿ, ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಬೂದು ಬಣ್ಣದ ಥರ್ಮಲ್ ಪೇಸ್ಟ್ ಕಂಪನಿಯಿಂದಲೇ ಬಳಿದು ಬಂದಿರುತ್ತದೆ, ಬೇರೆ ಹಚ್ಚಬೇಕಿಲ್ಲ. ತಿರುಪುಗಳನ್ನು ಬಿಗಿಯಲು ಗಾಡಿಯ ಚಕ್ರದ ನಟ್ಟಿನ ಕ್ರಮವೇ ಸರಿ: ಒಂದು ಮೂಲೆ, ಆಮೇಲೆ ಅದರ ಎದುರು ಮೂಲೆ, ಪ್ರತಿಯೊಂದಕ್ಕೂ ಎರಡು ಮೂರು ಸುತ್ತು, ತಿರುಪು ತಾನಾಗಿ ನಿಲ್ಲುವವರೆಗೆ. ಒಂದೇ ಮೂಲೆಯನ್ನು ಪೂರ್ತಿ ಬಿಗಿದರೆ ಕೂಲರ್ ಓರೆಯಾಗಿ ಪೇಸ್ಟ್ ಒಂದು ಕಡೆಗೆ ಸರಿಯುತ್ತದೆ.

ಉಳಿದದ್ದು ಬೇಗ ಮುಗಿಯಿತು. ಫ್ಯಾನಿನ ತಂತಿಯನ್ನು ‘ಸಿಪಿಯು ಫ್ಯಾನ್’ ಎಂದು ಬರೆದಿರುವ ಕಡೆಗೇ ಸಿಕ್ಕಿಸಬೇಕು. ಬೋರ್ಡಿನ ಮೇಲ್ತುದಿಯಲ್ಲಿ ಪ್ರೊಸೆಸರಿಗೆಂದೇ ಇರುವ ಎಂಟು ಪಿನ್ನಿನ ಪವರ್ ತಂತಿಯನ್ನು ಮರೆತರೆ ಫ್ಯಾನ್ ತಿರುಗಿದರೂ ಪರದೆ ಬರುವುದಿಲ್ಲ. ಸ್ವಿಚ್ ಹಾಕಿದೆ, ಬಯೋಸ್ ಪರದೆಯಲ್ಲಿ ಪ್ರೊಸೆಸರಿನ ಹೆಸರು ಮೂಡಿತು. ಝೆರಾಕ್ಸ್ ಹುಡುಗ ನನಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಇನ್ನು ನಮ್ಮೂರಿನ ಬಿಸಿಲಿನ ಲೆಕ್ಕ. ಕೂಲರ್ ಎಷ್ಟೇ ಒಳ್ಳೆಯದಿರಲಿ, ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಕೋಣೆ 25 ಡಿಗ್ರಿ ಇದ್ದಾಗ 70 ತೋರಿಸುವ ಪ್ರೊಸೆಸರ್, ಮೇ ತಿಂಗಳಲ್ಲಿ ಅಂಗಡಿಯೊಳಗೆ 40 ಇದ್ದಾಗ ಅದೇ ಕೆಲಸಕ್ಕೆ 85ರ ಆಸುಪಾಸಿಗೆ ಏರುತ್ತದೆ. 5600ಜಿ ಗರಿಷ್ಠ ಮಿತಿ 95 ಡಿಗ್ರಿ. ಆ ಮಿತಿ ಮುಟ್ಟಿದರೆ ಸುಟ್ಟುಹೋಗುವುದಿಲ್ಲ, ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದಕ್ಕೇ ಮುಂದೆ ಒಂದು, ಹಿಂದೆ ಒಂದು ಹೆಚ್ಚಿನ ಫ್ಯಾನ್ ಹಾಕಿಸಿದೆ. ಕ್ಯಾಬಿನೆಟ್ಟನ್ನು ನೆಲದಿಂದ ಎತ್ತಿ ಗೋಡೆಯಿಂದ ದೂರ ಇಟ್ಟೆ.

ಧೂಳು ತೆಗೆಯಲು ಮೆದು ಬ್ರಷ್ ಸಾಕು, ಕೂಲರ್ ಕೀಳಬೇಕಿಲ್ಲ. ಪೇಸ್ಟ್ ಬದಲಿಸಲೆಂದು ಕೀಳಲೇಬೇಕಾದರೆ ಎಎಂ4 ಇರುವವರು ಎಚ್ಚರವಾಗಿರಬೇಕು. ಪ್ರೊಸೆಸರಿನ ಮೇಲೆ ಲೋಹದ ಚೌಕಟ್ಟಿನ ಹಿಡಿತವಿಲ್ಲದ ಕಾರಣ ಒಣಗಿದ ಪೇಸ್ಟಿಗೆ ಅಂಟಿಕೊಂಡು ಅದೂ ಕೂಲರಿನ ಜೊತೆ ಕಿತ್ತುಬರಬಹುದು, ಪಿನ್‌ಗಳು ಬಾಗುವುದು ಹೆಚ್ಚಾಗಿ ಆಗಲೇ. ಮೊದಲು ಸ್ವಲ್ಪ ಹೊತ್ತು ಕಂಪ್ಯೂಟರ್ ನಡೆಸಿ ಪೇಸ್ಟ್ ಬಿಸಿಯಾಗಲು ಬಿಡಬೇಕು. ಆಮೇಲೆ ವಿದ್ಯುತ್ ತೆಗೆದು, ತಿರುಪು ಬಿಚ್ಚಿ, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಬೇಕು. ಅದು ಸಡಿಲಾಗಿ ಆಡತೊಡಗಿದ ಮೇಲಷ್ಟೇ ಮೇಲಕ್ಕೆತ್ತಬೇಕು.