ಸುರಕ್ಷತೆ ಅಂತ ಚಿಕ್ಕ ಮಗುವನ್ನು ಶಾಲೆಯಿಂದ ಹೊರಗಿಟ್ಟರೆ ಏನು ಮಾಡಬೇಕು?

ಮಗು ಯಾರಿಗೋ ಹೊಡೆದಿದೆ, ನಾಳೆಯಿಂದ ಕಳಿಸಬೇಡಿ ಅಂದರೆ ಸುಮ್ನೆ ಟಿಸಿ ತಗೊಂಡು ಬರಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ಕ್ಲಾಸ್ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ತೆಗೆದುಹಾಕುವಂತಿಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳನ್ನು ಬಿಟ್ಟರೆ ಖಾಸಗಿ ಶಾಲೆಗಳಿಗೂ ಇದೇ ನಿಯಮ. ಒಂದೆರಡು ದಿನ ಮನೆಯಲ್ಲಿರಲಿ ಅನ್ನುವುದು ಬೇರೆ ಮಾತು. ಆಗಲೂ ಕಾರಣ ಏನು, ಎಷ್ಟು ದಿನ ಅಂತ ಬರೆದು ಕೊಡಲು ಕೇಳಿ.

ಏಟು ತಿಂದ ಮಗುವಿನ ಮನೆಯವರ ಭಯವೂ ನಿಜ ಅಲ್ವಾ? ಅದಕ್ಕೇ ಹೆಡ್‌ಮಾಸ್ಟರ್ ಜೊತೆ ಕೂತು, ಊಟದ ಬಿಡುವಿನಲ್ಲಿ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ಇಬ್ಬರನ್ನೂ ಬೇರೆ ಬೆಂಚಿನಲ್ಲಿ ಕೂರಿಸಬಹುದಾ, ಜಗಳ ಶುರುವಾಗಿದ್ದು ಯಾಕೆ ಅಂತ ಮಾತಾಡಿ. ಪದೇಪದೇ ಹೀಗಾದರೆ ಮಗುವನ್ನು ಡಾಕ್ಟರಿಗೆ ತೋರಿಸಿ; ದಾವಣಗೆರೆಯವರಾದರೆ ಅಲ್ಲಿನ ಚಿಗಟೇರಿ ಜಿಲ್ಲಾಸ್ಪತ್ರೆಗೆ ಹೋಗಬಹುದು.

ಶಾಲೆಯವರು ಒಪ್ಪದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಕೊಟ್ಟು, ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಅಲ್ಲೂ ಆಗದಿದ್ದರೆ ಡಿಡಿಪಿಐ, ಅಂದರೆ ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರ ಹತ್ತಿರ ಹೋಗಿ. ಶಾಲೆಯವರೇ ನಿಮ್ಮ ಮಗುವಿಗೆ ಹೊಡೆದಿದ್ದರೆ ಮಾತ್ರ ಕಾಯಬೇಡಿ, ತಕ್ಷಣ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.