1958 ಎರಡು ಸಲ ಬಂದ ಪುಟ

ಆಧುನಿಕ ಚೀನಾದ ಬಗ್ಗೆ ಓದಲು ಕೂತಾಗ ಮೊದಲು ಕಾಡಿದ್ದು ಹೆಸರುಗಳು. ಕ್ಯಾಂಟನ್ ಬೇರೆ ಊರು, ಗುವಾಂಗ್‌ಝೌ ಬೇರೆ ಊರು ಅಂದುಕೊಂಡೇ ನೂರು ಪುಟ ದಾಟಿದ್ದೆ. ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಎಡಪುಟದಲ್ಲಿ ಇಸವಿ, ಊರು, ಕಾನೂನು. ಬಲಪುಟದಲ್ಲಿ ಆ ಹೊತ್ತಿಗೆ ಒಬ್ಬ ಮನುಷ್ಯನ ಬದುಕಿನಲ್ಲಿ ಏನಾಯಿತು ಅನ್ನುವುದು ಮಾತ್ರ.

ಈ ಕ್ರಮ ಕೈಹಿಡಿದದ್ದು ಯಾಂಗ್ ಜಿಶೆಂಗ್ ಅವರ 'ಟೂಮ್‌ಸ್ಟೋನ್' ಓದುವಾಗ. ಕೃಷಿ, ಕೈಗಾರಿಕೆಗಳನ್ನು ಒಮ್ಮೆಲೇ ಮುಂದೊಯ್ಯುತ್ತೇವೆಂದು ಮಾವೋ ಕಾಲದಲ್ಲಿ ನಡೆದ 'ಮಹಾ ಜಿಗಿತ' ಅಭಿಯಾನ ತಂದ ಕ್ಷಾಮದ ಕಥನ ಅದು. 2008ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅಚ್ಚಾಯಿತು. ಚೀನಾದ ಒಳಗೆ ನಿಷೇಧ. ಸತ್ತವರು 3.6 ಕೋಟಿ ಅನ್ನುವುದು ಅವರ ಲೆಕ್ಕ. ಅಷ್ಟು ದೊಡ್ಡ ಸಂಖ್ಯೆ ನನ್ನ ತಲೆಯಲ್ಲಿ ನಿಲ್ಲಲೇ ಇಲ್ಲ. ನಿಂತದ್ದು ಯಾಂಗ್ ಅವರದೇ ಬದುಕಿನ ಬಲಪುಟ: 1959, ತಂದೆ ಹಸಿವಿನಿಂದ ಸಾಯುತ್ತಿರುವ ಸುದ್ದಿ ತಿಳಿದು ಶಾಲೆಯಿಂದ ಅಕ್ಕಿ ಹಿಡಿದು ಊರಿಗೆ ಓಡಿದ ಹುಡುಗ, ಗಂಜಿ ಕಾಯಿಸಿದರೂ ನುಂಗಲಾಗದ ತಂದೆ, ಮೂರೇ ದಿನಕ್ಕೆ ಸಾವು. ಹುಡುಗ ಸರ್ಕಾರವನ್ನು ದೂರಲಿಲ್ಲ, ನಮ್ಮ ಮನೆಯ ಹಣೆಬರಹ ಅಂದುಕೊಂಡ. ಮುಂದೆ ಶಿನ್‌ಹುವಾ ಸುದ್ದಿಸಂಸ್ಥೆಯ ಪತ್ರಕರ್ತನಾಗಿ, ಆ ಗುರುತಿನ ಬಲದಿಂದಲೇ ಪ್ರಾಂತ್ಯಗಳ ದಫ್ತರ ಹೊಕ್ಕು ಹಳೆಯ ಕಡತ ತೆಗೆಸಿದವರೂ ಅವರೇ.

ಲೇಖಕರ ಮಾತುಕತೆಗಳನ್ನು ನಾನು ಪುಸ್ತಕ ಮುಗಿದ ಮೇಲೇ ಕೇಳುತ್ತೇನೆ. ಮೊದಲೇ ಕೇಳಿದರೆ ಅವರು ಎತ್ತಿ ತೋರಿಸಿದ್ದಷ್ಟೇ ಕಣ್ಣಿಗೆ ಬೀಳುತ್ತದೆ. ಲೆಸ್ಲಿ ಚಾಂಗ್ ಅವರ 'ಫ್ಯಾಕ್ಟರಿ ಗರ್ಲ್ಸ್' ಹೀಗೇ ಓದಿದೆ. ಹಳ್ಳಿಯಿಂದ ದಕ್ಷಿಣ ಚೀನಾದ ಡೊಂಗ್‌ಗುವಾನ್ ನಗರದ ಕಾರ್ಖಾನೆಗಳಿಗೆ ಬಂದ ಹುಡುಗಿಯರ ಪುಸ್ತಕ. ಅಲ್ಲಿ ಮೊಬೈಲ್ ಕಳೆದರೆ ಗೆಳತಿಯೇ ಕಳೆದಂತೆ, ಹುಡುಕಲು ಬೇರೆ ವಿಳಾಸವಿಲ್ಲ. ಆಮೇಲೆ ಅವರ 2012ರ ಟೆಡ್ ಭಾಷಣ ಕೇಳಿದೆ. ಈ ಹುಡುಗಿಯರನ್ನು ಬರೀ ಪಾಪದವರು ಅಂತ ನೋಡಬೇಡಿ, ಅವರಿಗೆ ಅವರದೇ ಆಸೆಗಳಿವೆ ಅನ್ನುವುದು ಅವರ ವಾದ. ಪೀಣ್ಯದಲ್ಲಿ ಗಾರ್ಮೆಂಟ್ಸ್ ಶಿಫ್ಟ್ ಬಿಟ್ಟಾಗ ಗುಂಪಾಗಿ ಹೊರಬರುವ ಹೆಣ್ಣುಮಕ್ಕಳನ್ನು ನೋಡುತ್ತ ಬಂದವಳು ನಾನು. ಆ ವಾದ ಒಪ್ಪಲು ನನಗೆ ಹೊತ್ತು ಹಿಡಿಯಲಿಲ್ಲ. ಆದರೂ ಒಂದು ಪ್ರಶ್ನೆ ಉಳಿಯಿತು: ದುಡಿಯುವ ಊರಿನಲ್ಲೇ ಇವರೇಕೆ ಹೊರಗಿನವರು?

ಕಾರಣ 'ಹುಕೌ'. ಹುಟ್ಟಿದ ಹಳ್ಳಿಗೆ ಹಕ್ಕುಗಳನ್ನು ಕಟ್ಟಿಹಾಕುವ ಮನೆ ನೋಂದಣಿ. ಅದರ ಕಾನೂನು ಬಂದ ವರ್ಷ ಬರೆದಿಡಲು ಎಡಪುಟ ತಿರುವಿದೆ. 1958. ಆ ಸಾಲು ಆಗಲೇ ಅಲ್ಲಿತ್ತು, ಎದುರಿಗೆ 'ಮಹಾ ಜಿಗಿತ ಶುರು' ಅಂತ ನನ್ನದೇ ಅಕ್ಷರ. ಅದರ ಕೆಳಗೇ 'ಹುಕೌ' ಅಂತ ಸೇರಿಸಿ, ಯಾಂಗ್ ಅವರ ಪುಸ್ತಕವನ್ನು ಮೊದಲ ಪುಟದಿಂದ ಮತ್ತೆ ತೆಗೆದೆ.