ಅಮೆರಿಕದ ಕಾಲೇಜ್ ಫುಟ್‌ಬಾಲ್: ಗಾಯದ ಸುದ್ದಿ ಓದುವುದು ಹೇಗೆ, ಕೋಚ್ ಎಷ್ಟು ಹೇಳಬೇಕು

ಮಗನೋ ಮಗಳೋ ಎಂಎಸ್ ಮಾಡಲು ಒಹಾಯೊ ಸ್ಟೇಟ್‌ಗೋ ಟೆಕ್ಸಸ್‌ಗೋ ಹೋದ ಮೇಲೆ ಇಲ್ಲಿ ಮನೆಯವರಿಗೂ ಅಲ್ಲಿನ ಶನಿವಾರದ ಫುಟ್‌ಬಾಲ್ ಹುಚ್ಚು ಹತ್ತುವುದು ಈಗ ಅಪರೂಪವೇನಲ್ಲ. ಆಟದ ನಿಯಮ ಒಂದು ಸೀಸನ್ ನೋಡಿದರೆ ತಲೆಗೆ ಹೋಗುತ್ತದೆ. ಹೋಗದೇ ಇರುವುದು ಗಾಯದ ಸುದ್ದಿ. ಹೋದ ವಾರ ಕುಂಟುತ್ತಾ ಹೊರಗೆ ಹೋದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ದಾಳಿ ನಡೆಸುವವನು) ಈ ವಾರ ಆಡುತ್ತಾನಾ ಅಂತ ಪತ್ರಕರ್ತರು ಕೇಳುತ್ತಾರೆ, ಕೋಚ್ ಮೈಕ್ ಮುಂದೆ ಕೂತು ಎಲ್ಲ ಪ್ರಶ್ನೆಗೂ ಮಾತಾಡುತ್ತಾರೆ, ಆದರೆ ಎದ್ದು ಹೋದ ಮೇಲೆ ನೋಡಿದರೆ ಕೈಗೆ ಏನೂ ಸಿಕ್ಕಿರುವುದಿಲ್ಲ.

ಹಾಗಾದರೆ ಕೋಚ್ ಹೇಳಲೇಬೇಕಾ? ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಹುಡುಗ ಆಡುತ್ತಾನೋ ಇಲ್ಲವೋ ಅನ್ನುವುದನ್ನು ಹೇಳಬೇಕು, ಎಲ್ಲರಿಗೂ ಒಂದೇ ಹೊತ್ತಿಗೆ, ಬರಹದಲ್ಲಿ. ಅವನ ಮೈಯಲ್ಲಿ ಏನಾಗಿದೆ ಅನ್ನುವುದು ಅವನ ಸ್ವಂತ ವಿಷಯ. ಅದನ್ನು ಕೋಚ್ ಬಾಯಿಂದ ಕೇಳುವ ಹಕ್ಕು ನಮಗಿಲ್ಲ. ಯಾಕೆ ಅನ್ನುವುದು ಸುದ್ದಿ ಓದುವ ದಾರಿಯಲ್ಲೇ ಗೊತ್ತಾಗುತ್ತದೆ.

ಮೊದಲು ಕಾನ್ಫರೆನ್ಸ್ ವರದಿ ನೋಡಿ

ಪತ್ರಿಕಾಗೋಷ್ಠಿಯ ವಿಡಿಯೋ ಆಮೇಲೆ ನೋಡಿದರಾಯಿತು. ನಿಮ್ಮ ತಂಡ ಯಾವ ಕಾನ್ಫರೆನ್ಸ್‌ನಲ್ಲಿದೆ (ಅಂದರೆ ತಮ್ಮೊಳಗೆ ಪಂದ್ಯ ಆಡುವ ಕಾಲೇಜುಗಳ ಯಾವ ಗುಂಪಿನಲ್ಲಿದೆ), ಅಲ್ಲಿ 'ಅವೈಲಬಿಲಿಟಿ ರಿಪೋರ್ಟ್', ಅಂದರೆ ಯಾರು ಆಡಲು ಸಿಗುತ್ತಾರೆ ಅನ್ನುವ ಪಟ್ಟಿ, ಇದೆಯಾ ಅಂತ ಮೊದಲು ತಿಳಿದುಕೊಳ್ಳಿ. ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಥರ ದೇಶಕ್ಕೆಲ್ಲ ಒಂದೇ ನಿಯಮ ಇಲ್ಲಿಲ್ಲ. ಎನ್‌ಎಫ್‌ಎಲ್‌ನಲ್ಲಿ ವಾರವಿಡೀ ಯಾರು ಅಭ್ಯಾಸ ಮಾಡಿದರು, ಯಾವ ಅಂಗಕ್ಕೆ ಏಟು ಅಂತ ಪಟ್ಟಿ ಕೊಡಲೇಬೇಕು. ಮುಚ್ಚಿಟ್ಟರೆ ದಂಡ. 2008ರ ಸೀಸನ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾರ್ವ್ ಅವರ ತೋಳಿನ ಗಾಯವನ್ನು ಪಟ್ಟಿಗೆ ಹಾಕಲಿಲ್ಲ ಅಂತ ನ್ಯೂಯಾರ್ಕ್ ಜೆಟ್ಸ್ ತಂಡಕ್ಕೂ ಅದರ ಅಂದಿನ ಕೋಚ್, ಮ್ಯಾನೇಜರ್‌ಗೂ ಸೇರಿ 1,25,000 ಡಾಲರ್ ಬಿತ್ತು. ಕಾಲೇಜ್ ಆಟ ನಡೆಸುವ ಎನ್‌ಸಿಎಎ ಕೂಡ ಇಂಥದ್ದೊಂದು ರಾಷ್ಟ್ರೀಯ ಪಟ್ಟಿ ಮಾಡುವ ಯೋಚನೆ ಮಾಡಿ, 2019ರಲ್ಲಿ ಇದು ಆಗುವ ಮಾತಲ್ಲ ಅಂತ ಕೈಬಿಟ್ಟಿತು.

ಹಾಗಾಗಿ ಕಾನ್ಫರೆನ್ಸ್‌ಗಳೇ ಒಂದೊಂದಾಗಿ ಶುರು ಮಾಡಿದವು. 2023ರಲ್ಲಿ ಬಿಗ್ ಟೆನ್: ಪಂದ್ಯಕ್ಕೆ ಎರಡು ಗಂಟೆ ಮೊದಲು ಪಟ್ಟಿ ಹೊರಗೆ ಬರಬೇಕು. 2024ರಲ್ಲಿ ಎಸ್‌ಇಸಿ ಇನ್ನೂ ಬಿಗಿ ಮಾಡಿತು. ಶನಿವಾರದ ಪಂದ್ಯಕ್ಕೆ ಬುಧವಾರ ರಾತ್ರಿಯೇ ಮೊದಲ ಪಟ್ಟಿ, ಆಮೇಲೆ ದಿನಾ ತಿದ್ದುಪಡಿ, ಕೊನೆಯದು ಆಟಕ್ಕೆ 90 ನಿಮಿಷ ಮೊದಲು. ತಪ್ಪಿದರೆ ಮೊದಲ ಸಲ 25,000 ಡಾಲರ್, ಮೂರನೇ ಸಲಕ್ಕೆ ಒಂದು ಲಕ್ಷದವರೆಗೂ ಹೋಗಬಹುದು. 2025ರಲ್ಲಿ ಎಸಿಸಿ, ಬಿಗ್ 12 ಕೂಡ ಸೇರಿಕೊಂಡವು. ಊರಲ್ಲಿ ಕೂತು ನೋಡುವವರಿಗೆ ಒಂದು ಮಾತು: ಎಸ್‌ಇಸಿಯ ಬುಧವಾರದ ಪಟ್ಟಿ ಅಲ್ಲಿ ರಾತ್ರಿ ಎಂಟಕ್ಕೆ, ನಮಗೆ ಗುರುವಾರ ಬೆಳಗ್ಗೆ 5:30. ನವೆಂಬರ್‌ನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ 6:30.

ಪಟ್ಟಿಯಲ್ಲಿ ಹೆಸರಿನ ಪಕ್ಕ ಒಂದು ಶಬ್ದ ಇರುತ್ತದೆ. 'ಪ್ರಾಬಬಲ್' ಅಂದರೆ ಹೆಚ್ಚುಕಮ್ಮಿ ಆಡುತ್ತಾನೆ, 'ಕ್ವೆಶ್ಚನಬಲ್' ಅಂದರೆ ಅತ್ತ ಇತ್ತ ಎರಡೂ ಆಗಬಹುದು, 'ಡೌಟ್‌ಫುಲ್' ಅಂದರೆ ಆಸೆ ಬಿಡಿ, 'ಔಟ್' ಅಂದರೆ ಇಲ್ಲ. ಪಂದ್ಯದ ದಿನ 'ಗೇಮ್ ಟೈಮ್ ಡಿಸಿಷನ್' ಅಂತ ಬಂದರೆ ಮೈದಾನಕ್ಕೆ ಇಳಿಯುವ ತನಕ ಯಾರಿಗೂ ಗೊತ್ತಿಲ್ಲ ಅಂತಲೇ ತಿಳಿಯಿರಿ. ಹೆಸರೇ ಇಲ್ಲದಿದ್ದರೆ ಆಡಲು ಸಿದ್ಧ ಅಂತ ಅರ್ಥ.

ಇಲ್ಲಿ ಒಂದು ವಿಷಯ ತುಂಬಾ ಜನ ಗಮನಿಸುವುದಿಲ್ಲ. ಈ ಪಟ್ಟಿಗಳು ಗಾಯ ಏನು ಅಂತ ಹೇಳಬೇಕಿಲ್ಲ. ಆಡುತ್ತಾನಾ ಇಲ್ಲವಾ, ಅಷ್ಟೇ. ಅದಕ್ಕೇ 'ಔಟ್' ಅಂತ ಕಂಡ ತಕ್ಷಣ ಮೊಣಕಾಲು ಹೋಯಿತು ಅಂತ ವಾಟ್ಸಾಪ್ ಗ್ರೂಪ್‌ನಲ್ಲಿ ಹಾಕಬೇಡಿ. ಅಮಾನತಾಗಿರಬಹುದು, ಬೇರೆ ಕಾಲೇಜಿಗೆ ಹೋಗುವ ಯೋಚನೆಯಲ್ಲಿರಬಹುದು, ಮನೆಯಲ್ಲಿ ಏನೋ ಆಗಿರಬಹುದು. ಹೊಸ ಹುಡುಗ ಹೊರಗೆ ಕೂತಿದ್ದರೆ, ಆಡಲು ಸಿಗುವ ವರ್ಷಗಳಲ್ಲಿ ಒಂದನ್ನು ಉಳಿಸಿಕೊಳ್ಳುವ ರೆಡ್‌ಶರ್ಟ್ ಲೆಕ್ಕವೂ ಇರಬಹುದು. 2018ರಿಂದ ಒಂದು ಸೀಸನ್‌ನಲ್ಲಿ ನಾಲ್ಕು ಪಂದ್ಯದವರೆಗೆ ಆಡಿದರೂ ಆ ವರ್ಷ ಲೆಕ್ಕಕ್ಕೆ ಬಾರದ ಹಾಗೆ ಉಳಿಸಿಕೊಳ್ಳಬಹುದು. ಇನ್ನೊಂದು: ಎಸ್‌ಇಸಿ ನಿಯಮ ತಂದಾಗ ಫುಟ್‌ಬಾಲ್‌ನಲ್ಲಿ ಅದು ಕಾನ್ಫರೆನ್ಸ್ ಒಳಗಿನ ಪಂದ್ಯಗಳಿಗೆ ಮಾತ್ರ ಅಂತ ಇತ್ತು. ಸೆಪ್ಟೆಂಬರ್ ಮೊದಲ ವಾರಗಳಲ್ಲಿ ಸಣ್ಣ ಕಾಲೇಜುಗಳ ಜೊತೆ ಆಡುವಾಗ ಪಟ್ಟಿ ಕಾಣದಿದ್ದರೆ ಕೋಚ್ ಏನೋ ಮುಚ್ಚಿಡುತ್ತಿದ್ದಾರೆ ಅಂತ ಕೂಗಾಡಬೇಕಿಲ್ಲ.

ಆಮೇಲೆ ಕೋಚ್ ಮಾತು ಕೇಳಿ, ಅರ್ಧ ನಂಬಿ

'ಡೇ ಟು ಡೇ' ಅಂತ ಎಲ್ಲ ಕೋಚ್‌ಗಳೂ ಹೇಳುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ, ಬಿಟ್ಟುಬಿಡಿ. 'ಲೋವರ್ ಬಾಡಿ' ಅಂದರೆ ಸೊಂಟದಿಂದ ಹೆಬ್ಬೆರಳಿನ ತನಕ ಏನು ಬೇಕಾದರೂ ಆಗಿರಬಹುದು. 'ಗೇಮ್ ಟೈಮ್ ಡಿಸಿಷನ್' ಅನ್ನುವುದು ಮಾತ್ರ ಕೆಲವು ಸಲ ನಿಜ, ಕೆಲವು ಸಲ ಎದುರಾಳಿ ಎರಡೂ ಕ್ವಾರ್ಟರ್‌ಬ್ಯಾಕ್‌ಗಳಿಗೆ ತಯಾರಿ ಮಾಡಿ ಸುಸ್ತಾಗಲಿ ಅನ್ನುವ ಉಪಾಯ. 2019ರಲ್ಲಿ ಅಲಬಾಮಾದ ಟುವಾ ಟಾಗೊವೈಲೋವಾಗೆ ಅಕ್ಟೋಬರ್‌ನಲ್ಲಿ ಕಣಕಾಲಿನ ಆಪರೇಷನ್ ಆಯಿತು. ನವೆಂಬರ್ 9ಕ್ಕೆ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್) ಜೊತೆ ದೊಡ್ಡ ಪಂದ್ಯ. ಕೋಚ್ ನಿಕ್ ಸೇಬನ್ ಆ ಹೊತ್ತಿನ ತನಕ ಗೇಮ್ ಟೈಮ್ ಡಿಸಿಷನ್ ಅಂತಲೇ ಇದ್ದರು. ಹುಡುಗ ಆಡಿದ, ತಂಡ 46–41ರಲ್ಲಿ ಸೋತಿತು. ಮುಂದಿನ ವಾರ ಮಿಸಿಸಿಪಿ ಸ್ಟೇಟ್ ಎದುರು ಅವನ ಸೊಂಟದ ಕೀಲೇ ತಪ್ಪಿತು. ಆ ಏಟು ದೊಡ್ಡದು, ಮುಚ್ಚಿಡುವ ಪ್ರಶ್ನೆಯೇ ಇರಲಿಲ್ಲ, ತಂಡದ ವೈದ್ಯರ ಹೇಳಿಕೆ ಬೇಗ ಬಂತು. ಇದರಿಂದ ಓದುಗರಿಗೆ ಒಂದು ಸೂತ್ರ ಸಿಗುತ್ತದೆ: ಹೇಳಿಕೆಯಲ್ಲಿ ವೈದ್ಯರ ಹೆಸರು, ಅಂಗದ ಹೆಸರು ಇದ್ದರೆ ನಂಬಿ. ಕೋಚ್ ಭುಜ ಕುಣಿಸಿ ಹೇಳಿದ್ದಾದರೆ ಶನಿವಾರದ ತನಕ ಕಾಯಿರಿ.

ವಾರ್ಮ್‌ಅಪ್ ನೋಡುವುದಂತೂ ಬಿಡಬೇಡಿ. ಟಿವಿಯವರು ಆಟಕ್ಕೆ ಮೊದಲು ತೋರಿಸುವಾಗ ಹುಡುಗ ಪ್ಯಾಡ್ ಹಾಕಿದ್ದಾನಾ, ಎಸೆಯುವಾಗ ಹಿಂದಿನ ಕಾಲಿನ ಮೇಲೆ ಭಾರ ಹಾಕುತ್ತಿದ್ದಾನಾ, ಮೊದಲ ಸಾಲಿನವರ ಜೊತೆ ನಿಂತಿದ್ದಾನಾ ಅಂತ ಗಮನಿಸಿದರೆ ಸೋಮವಾರದ ಪತ್ರಿಕಾಗೋಷ್ಠಿಗಿಂತ ಜಾಸ್ತಿ ತಿಳಿಯುತ್ತದೆ.

'ಹಿಪ್ಪಾ ಇದೆ, ಹೇಳುವ ಹಾಗಿಲ್ಲ' ಅಂದರೆ

ಈ ನೆಪ ತುಂಬಾ ಕೇಳುತ್ತೀರಿ. ಹಿಪ್ಪಾ ಅನ್ನುವುದು 1996ರ ಕಾನೂನು. ಆಸ್ಪತ್ರೆ, ಡಾಕ್ಟರ್, ಇನ್ಶೂರೆನ್ಸ್ ಕಂಪನಿಗಳನ್ನು ಕಟ್ಟಿಹಾಕುವುದಕ್ಕೆ ಇರುವಂಥದ್ದು. ಕೋಚ್ ಇವುಗಳಲ್ಲಿ ಯಾವುದೂ ಅಲ್ಲ. ಕಾಲೇಜಿನ ಬಳಿ ಇರುವ ವಿದ್ಯಾರ್ಥಿ ದಾಖಲೆಗಳಿಗೆ ಸಾಮಾನ್ಯವಾಗಿ ಅನ್ವಯಿಸುವುದು 1974ರ ಫೆರ್ಪಾ. ಅದರ ಪ್ರಕಾರವೂ ವಿದ್ಯಾರ್ಥಿ ಬರೆದುಕೊಟ್ಟರೆ ಹೇಳಬಹುದು, ಮತ್ತು ಎಷ್ಟೋ ಕಾಲೇಜುಗಳು ಸೀಸನ್ ಶುರುವಿನಲ್ಲೇ ಆ ಸಹಿ ಹಾಕಿಸಿಕೊಂಡಿರುತ್ತವೆ. ಅಂದರೆ ಕೋಚ್ ಹೇಳದಿರುವುದು ಬಹುತೇಕ ಅವರ ಆಯ್ಕೆ.

ಆದರೆ ಆ ಸಹಿಯ ಬಗ್ಗೆ ನನಗೆ ಸಮಾಧಾನ ಇಲ್ಲ. ಹದಿನೆಂಟು ವರ್ಷದ ಹುಡುಗ, ಸ್ಕಾಲರ್‌ಶಿಪ್ ಕೋಚ್ ಕೈಯಲ್ಲಿದೆ, ಮುಂದೆ ಕಾಗದಗಳ ರಾಶಿ ಇಟ್ಟು ಸಹಿ ಹಾಕು ಅಂದರೆ ಅವನು ಬೇಡ ಅನ್ನುತ್ತಾನಾ? ಅವನ ಬೆನ್ನುಮೂಳೆಯ ಸುದ್ದಿ ನಾಳೆ ಎನ್‌ಎಫ್‌ಎಲ್ ತಂಡಗಳು ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಅವನ ಬೆಲೆ ಇಳಿಸಬಹುದು. ಈಗ ಕಾಲೇಜಿನಲ್ಲೇ ದುಡ್ಡು ಸಿಗುವ ಕಾಲ, 2021ರಿಂದ ಹೆಸರು-ಮುಖ ಬಳಸಿ ಸಂಪಾದಿಸಬಹುದು, ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ ಬೇರೆ ಕಾಲೇಜಿಗೆ ಹೋಗುವಾಗಲೂ ಗಾಯದ ಇತಿಹಾಸ ಬೆನ್ನು ಹತ್ತುತ್ತದೆ. ಹಾಗಾಗಿ ಹೇಳುವುದಾದರೆ ಅವನೇ ಹೇಳಲಿ. ನಮ್ಮ ಕೆ.ಎಲ್. ರಾಹುಲ್ 2023ರ ಐಪಿಎಲ್ ಮಧ್ಯೆ ತೊಡೆ ಗಾಯ ಆದಾಗ ಆಪರೇಷನ್ ಇದೆ, ಟೆಸ್ಟ್ ಫೈನಲ್‌ಗೆ ಬರಲ್ಲ ಅಂತ ತಾವೇ ಇನ್‌ಸ್ಟಾಗ್ರಾಂನಲ್ಲಿ ಹಾಕಿದರಲ್ವಾ, ಹಾಗೆ.

ಮುಚ್ಚಿಡುವುದರಲ್ಲಿ ಯಾರಿಗೆ ಲಾಭ ಅಂತ ಕೇಳಿಕೊಳ್ಳಿ

ಎದುರಾಳಿಗೆ ಗೊತ್ತಾಗಬಾರದು ಅನ್ನುವುದು ಹಳೆಯ ಕಾರಣ, ಎಲ್ಲರೂ ಒಪ್ಪುವಂಥದ್ದು. ಹೊಸ ಕಾರಣ 2023ರ ಡಿಸೆಂಬರ್‌ನಲ್ಲಿ ಎಲ್ಲರಿಗೂ ಕಂಡಿತು. ಫ್ಲೋರಿಡಾ ಸ್ಟೇಟ್ ಹದಿಮೂರಕ್ಕೆ ಹದಿಮೂರೂ ಗೆದ್ದಿತ್ತು, ಎಸಿಸಿ ಚಾಂಪಿಯನ್. ಆದರೆ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್ ನವೆಂಬರ್‌ನಲ್ಲಿ ಕಾಲು ಮುರಿದುಕೊಂಡಿದ್ದ. ಅವನಿಲ್ಲದ ತಂಡ ಬೇರೆಯೇ ತಂಡ ಅಂತ ರಾಷ್ಟ್ರೀಯ ಪ್ರಶಸ್ತಿಯ ಪ್ಲೇಆಫ್‌ಗೆ ತಂಡ ಆರಿಸುವ ಸಮಿತಿ ಆಗ ಇದ್ದ ನಾಲ್ಕು ಸ್ಥಾನಗಳಲ್ಲಿ ಒಂದನ್ನೂ ಕೊಡಲಿಲ್ಲ, ಒಂದು ಪಂದ್ಯ ಸೋತಿದ್ದ ಅಲಬಾಮಾ ಒಳಗೆ ಹೋಯಿತು. ಕಾಲು ಇನ್ನೂ ಮುಂಚೆಯೇ ಮುರಿದಿದ್ದರೆ ತಂಡ ಏನು ಅಂತ ಕಾಣುತ್ತಿತ್ತು ಅಂತ ಆ ಹುಡುಗ ಬರೆದುಕೊಂಡ. ಟಿವಿಯಲ್ಲಿ ಎಲ್ಲರೂ ನೋಡಿದ ಗಾಯ ಅದು, ಮುಚ್ಚಿಡಲು ಸಾಧ್ಯವೇ ಇರಲಿಲ್ಲ. ಆದರೆ ಅಭ್ಯಾಸದಲ್ಲಿ ಆದ, ಯಾರೂ ನೋಡದ ಗಾಯ ಆಗಿದ್ದರೆ ಯಾವ ಕೋಚ್ ತಾನಾಗಿ ಬಾಯಿ ಬಿಡುತ್ತಾನೆ ಹೇಳಿ. ಸಮಿತಿಯೇ ಗಾಯಕ್ಕೆ ಬೆಲೆ ಕಟ್ಟಿದ ಮೇಲೆ, ಹೇಳುವುದನ್ನು ಕೋಚ್ ಒಳ್ಳೆಯತನಕ್ಕೆ ಬಿಡುವುದು ಸರಿ ಅಲ್ಲ. ನಿಯಮ ಬೇಕು, ದಂಡ ಬೇಕು.

ಬೆಟ್ಟಿಂಗ್ ವಿಷಯ ಇದಕ್ಕಿಂತ ಕೆಟ್ಟದ್ದು. 2018ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅಲ್ಲಿನ ರಾಜ್ಯಗಳಿಗೆ ದಾರಿ ಬಿಟ್ಟುಕೊಟ್ಟ ಮೇಲೆ ಕ್ರೀಡಾ ಜೂಜು ಹೆಚ್ಚಿನ ರಾಜ್ಯಗಳಲ್ಲಿ ಮೊಬೈಲ್‌ಗೆ ಬಂದುಬಿಟ್ಟಿದೆ. ಆವಾಗಿನಿಂದ ಒಳಗಿನ ಸುದ್ದಿಗೆ ನೇರವಾಗಿ ದುಡ್ಡಿನ ಬೆಲೆ. ಫುಟ್‌ಬಾಲ್ ಅಲ್ಲದಿದ್ದರೂ ಇದಕ್ಕೆ ಅತ್ಯಂತ ಸ್ಪಷ್ಟ ಉದಾಹರಣೆ ಅಲಬಾಮಾದ ಬೇಸ್‌ಬಾಲ್ ಕೋಚ್ ಬ್ರಾಡ್ ಬೊಹಾನನ್. 2023ರ ಏಪ್ರಿಲ್‌ನಲ್ಲಿ ಅಂದಿನ ಮುಖ್ಯ ಪಿಚರ್ (ಚೆಂಡು ಎಸೆಯುವವನು) ಆಡುವುದಿಲ್ಲ ಅಂತ ಎದುರಾಳಿಗೆ ಹೇಳುವ ಮೊದಲೇ ಪರಿಚಯದ ಜೂಜುಗಾರನಿಗೆ ಮೆಸೇಜ್ ಹೋಗಿತ್ತು. ಆತ ಸಿನ್ಸಿನಾಟಿಯ ಬೆಟ್ಟಿಂಗ್ ಕೌಂಟರ್‌ನಲ್ಲಿ ಒಂದು ಲಕ್ಷ ಡಾಲರ್ ಕಟ್ಟಲು ಹೋದ. ಅವರಿಗೆ ಅನುಮಾನ ಬಂತು. ಕೋಚ್ ಕೆಲಸ ಹೋಯಿತು, ಎನ್‌ಸಿಎಎ 15 ವರ್ಷದ ನಿರ್ಬಂಧ ಹಾಕಿತು. ಪಟ್ಟಿ ಎಲ್ಲರಿಗೂ ಒಂದೇ ಹೊತ್ತಿಗೆ ಸಿಕ್ಕರೆ ಇಂಥ ಮೆಸೇಜ್‌ಗೆ ಬೆಲೆ ಕಮ್ಮಿ. ಟ್ರೈನರ್‌ಗೋ ರೂಮ್‌ಮೇಟ್‌ಗೋ ಫೋನ್ ಮಾಡಿ ಪೀಡಿಸುವವರೂ ಕಮ್ಮಿಯಾಗಬಹುದು. ಪಟ್ಟಿಯ ಪರವಾಗಿ ನನಗೆ ಕಾಣುವ ಬಲವಾದ ವಾದ ಇದೇ. ಪಟ್ಟಿಯಿಂದ ಜೂಜಿಗೆ ಅನುಕೂಲ ಮಾಡಿಕೊಟ್ಟ ಹಾಗಾಗಲ್ವಾ ಅಂತ ಕೇಳುವವರಿದ್ದಾರೆ. ಆಗುತ್ತದೆ. ಆದರೆ ಕದ್ದ ಸುದ್ದಿಯ ಮೇಲೆ ನಡೆಯುವ ಜೂಜಿಗಿಂತ ಅದು ವಾಸಿ.

ತಲೆಗೆ ಏಟಾದರೆ ಲೆಕ್ಕವೇ ಬೇರೆ

ಇಲ್ಲಿ ಕೋಚ್ ಮಾತಾಡಲೇಬಾರದು. 2014ರ ಸೆಪ್ಟೆಂಬರ್ 27ರಂದು ಮಿಶಿಗನ್ ತಂಡ ಮಿನೆಸೋಟಾ ಎದುರು ಆಡುತ್ತಿತ್ತು. ಕ್ವಾರ್ಟರ್‌ಬ್ಯಾಕ್ ಶೇನ್ ಮಾರಿಸ್‌ಗೆ ಜೋರು ಏಟು ಬಿತ್ತು, ನಿಲ್ಲಲಾಗದೆ ಜೊತೆಯವನ ಮೇಲೆ ಒರಗಿದ, ಅದು ಟಿವಿಯಲ್ಲಿ ಎಲ್ಲರಿಗೂ ಕಂಡಿತು. ಆಮೇಲೂ ಅವನನ್ನು ಮತ್ತೆ ಆಟಕ್ಕೆ ಇಳಿಸಿದರು. ಸೋಮವಾರ ಕೋಚ್ ಬ್ರೇಡಿ ಹೋಕ್, ತಮಗೆ ತಿಳಿದ ಮಟ್ಟಿಗೆ ಕನ್‌ಕಷನ್ (ಏಟಿನಿಂದ ಮಿದುಳಿಗೆ ಆಗುವ ಆಘಾತ) ಆಗಿಲ್ಲ ಅಂದರು. ಅದೇ ರಾತ್ರಿ ಒಂದು ಗಂಟೆ ಹೊತ್ತಿಗೆ ಅಥ್ಲೆಟಿಕ್ ಡೈರೆಕ್ಟರ್ (ಕಾಲೇಜಿನ ಕ್ರೀಡಾ ವಿಭಾಗದ ಮುಖ್ಯಸ್ಥ) ಡೇವ್ ಬ್ರಾಂಡನ್ ಹೇಳಿಕೆ ಬಂತು: ಸಣ್ಣ ಪ್ರಮಾಣದ ಕನ್‌ಕಷನ್ ಆಗಿರುವ ಸಾಧ್ಯತೆ ಇದೆ. ವಿದ್ಯಾರ್ಥಿಗಳು ಬೀದಿಗಿಳಿದರು. ತಂಡ ಮೊದಲೇ ಸೋಲುತ್ತಿತ್ತು, ಅದರ ಮೇಲೆ ಇದು. ಅಕ್ಟೋಬರ್ ಕೊನೆಗೆ ಬ್ರಾಂಡನ್ ರಾಜೀನಾಮೆ, ಡಿಸೆಂಬರ್‌ನಲ್ಲಿ ಹೋಕ್ ಮನೆಗೆ.

ಅದಕ್ಕೇ ಕೋಚ್ 'ತಲೆ ಸರಿಯಾಗಿದೆ, ಚೆನ್ನಾಗಿದ್ದಾನೆ' ಅಂದರೆ ಅದನ್ನು ಸುದ್ದಿ ಅಂತ ತೆಗೆದುಕೊಳ್ಳಬೇಡಿ. ಕೋಚ್ ಹೇಳಬೇಕಾದ್ದು ಇಷ್ಟು: 'ಡಾಕ್ಟರ್ ನೋಡುತ್ತಿದ್ದಾರೆ, ಅವರು ಹೂಂ ಅನ್ನುವ ತನಕ ಅವನು ಅಭ್ಯಾಸಕ್ಕೂ ಬರಲ್ಲ, ಆಟಕ್ಕೂ ಬರಲ್ಲ.' ಇದರಲ್ಲಿ ಹುಡುಗನ ಗುಟ್ಟೂ ಹೋಗಲಿಲ್ಲ, ಸುಳ್ಳೂ ಬರಲಿಲ್ಲ.

ನೀವೇ ಕ್ಯಾಂಪಸ್‌ನಲ್ಲಿದ್ದರೆ

ವಿದ್ಯಾರ್ಥಿ ಪತ್ರಿಕೆಗೆ ಬರೆಯುವವರು 'ಅವನಿಗೆ ಏನಾಗಿದೆ' ಅಂತ ಕೇಳುವ ಬದಲು 'ಈ ವಾರ ಅಭ್ಯಾಸ ಮಾಡಿದನಾ, ಶನಿವಾರ ಸಿಗುತ್ತಾನಾ, ಆಡಿಸುವ ತೀರ್ಮಾನ ಯಾರದ್ದು' ಅಂತ ಕೇಳಿ. ಮೂರನೇ ಪ್ರಶ್ನೆಗೆ ಕೋಚ್ ಹೆಸರು ಉತ್ತರವಾಗಿ ಬಂದರೆ ಅಲ್ಲೇ ನಿಮ್ಮ ಸುದ್ದಿ ಇದೆ. ಗಾಯದ ಹೆಸರು ಹುಡುಗನೋ ಅವನ ಮನೆಯವರೋ ಹೇಳಿದರೆ ಮಾತ್ರ ಬರೆಯಿರಿ.

ನಮ್ಮ ಹುಡುಗರು ಹುಡುಗಿಯರು ತುಂಬಾ ಜನ ಕ್ಯಾಂಪಸ್ ಕೆಲಸ ಮಾಡುತ್ತಾರೆ. ಡೈನಿಂಗ್ ಹಾಲ್, ಟ್ಯೂಟರಿಂಗ್, ಕೆಲವರು ಅಥ್ಲೆಟಿಕ್ಸ್ ವಿಭಾಗದಲ್ಲೇ ಡೇಟಾ ಕೆಲಸ. ಗುರುವಾರ ಊಟಕ್ಕೆ ಬಂದ ಕ್ವಾರ್ಟರ್‌ಬ್ಯಾಕ್ ಊರುಗೋಲು ಹಿಡಿದಿದ್ದರೆ ಫೋಟೋ ತೆಗೆದು ಗ್ರೂಪ್‌ಗೆ ಹಾಕಬೇಡಿ. ಅಥ್ಲೆಟಿಕ್ಸ್ ವಿಭಾಗದಲ್ಲಿ ಇದ್ದರಂತೂ ಬೆಟ್ಟಿಂಗ್ ಆಡುವವರಿಗೆ ಒಳಗಿನ ಸುದ್ದಿ ಕೊಡುವುದು ಎನ್‌ಸಿಎಎ ನಿಯಮಕ್ಕೇ ವಿರುದ್ಧ. 'ಸುಮ್ನೆ ಕೇಳಿದೆ ಮಚ್ಚಾ, ಶನಿವಾರ ಆಡ್ತಾನಾ ಅವನು?' ಅಂತ ಗೆಳೆಯನ ಮೆಸೇಜ್ ಬಂದರೆ ಕಾನ್ಫರೆನ್ಸ್ ಪಟ್ಟಿಯ ಲಿಂಕ್ ಕಳಿಸಿ, ಬೇರೇನೂ ಬರೆಯಬೇಡಿ.